ಇನ್ನೂ ಅದಾಳೇನು?

ಆವತ್ತು ಬೆಳಿಗ್ಗೆಯೂ ಎಂದಿನಂತೆ ಸ್ಟೀಲ್ ಡಬ್ಬಿಯ ಮುಚ್ಚಳದಲ್ಲಿ ಅತ್ತೆಯ ಗುಳಿಗೆ ಇಟ್ಟುಕೊಂಡು ಹೋದೆ. ಬಿ.ಪಿ.ಗೆ ಬಿಳಿಯದು, ಸಕ್ಕರೆ ಕಾಯಿಲೆಗೆ ಹಸಿರು, ಎದೆಗೆ ಅರ್ಧ ಮುರಿದ ಗುಲಾಬಿ. ಅತ್ತೆ ಮಂಚದ ಮೇಲೆ ಕೂತು, ಇದ್ದ ನಾಲ್ಕು ಕೂದಲಿಗೆ ನಲವತ್ತು ಕೂದಲಿನ ಎಣ್ಣೆ ಹಚ್ಚುತ್ತಿದ್ದರು.

"ಹ್ಯಾಂಗದೀರಿ ಅತ್ತಿ?"

"ಗಟ್ಟಿ ಅದೀನಿ. ಒಳಕಲ್ಲಿನಂಗ." ಗುಳಿಗೆ ನುಂಗಿ ಬಾಯಿ ಒರೆಸಿಕೊಂಡು ಕೇಳಿದರು, "ಅಂವ?"

"ಅವರೂ ಅದಾರ್ರಿ."

"ಇರ್ಲಿ. ನನಗೇನ್ ಅವಸರಿಲ್ಲ."

ನಮ್ಮ ಗಂಗಾವತಿಯ ಮನೆಯಲ್ಲಿ ದಿನ ಶುರುವಾಗುವುದೇ ಹೀಗೆ. ಅಂವ ಅಂದರೆ ಹನುಮಸಾಗರದಲ್ಲಿರುವ ಸಣ್ಣಮಾವ, ಅತ್ತೆಯ ಮೈದುನ. ನಮ್ಮ ಮಾವನವರು ತೀರಿಕೊಂಡ ವಾರದಲ್ಲೇ ಆತ ಅತ್ತೆಯ ಮಂಚವನ್ನು ಪಡಸಾಲೆಯಿಂದ ಎತ್ತಿಸಿ ದನದ ಕೊಟ್ಟಿಗೆಯಲ್ಲಿ ಹಾಕಿಸಿದ. ಬಂದ ಬೀಗರೆಲ್ಲ ಇನ್ನೂ ಕೂತಿದ್ದರು. "ವರ್ಷ ತುಂಬೂದರಾಗ ಈಕಿನೂ ಹೋಗಾಕಿ. ಈಕಿಗ್ಯಾಕ ಪಡಸಾಲಿ?" ಅಂದ. ಎಮ್ಮೆ ತಿರುಗಿ ನೋಡಿತು. ಅತ್ತೆ ಎರಡು ಸೀರೆ, ಗಂಡನ ಊರುಗೋಲು ತೆಗೆದುಕೊಂಡು ನಮ್ಮ ಜೊತೆ ಬಸ್ ಹತ್ತಿದರು. ಬಸ್ಸಿನಲ್ಲಿ ಕುಷ್ಟಗಿ ದಾಟಿದ ಮೇಲೆ ಹೇಳಿದ್ದು ಇಷ್ಟೇ: "ಆ ನನ ಮಗಗ ಮಣ್ಣು ಕೊಟ್ಟ ನಾ ಸಾಯಾಕಿ."

ಆಮೇಲೆ ಆತ ಗಂಗಾವತಿಗೆ ಭತ್ತದ ವ್ಯಾಪಾರಕ್ಕೆ ಬಂದಾಗೆಲ್ಲ ನಮ್ಮ ಮನೆಗೆ ಬರುತ್ತಿದ್ದ. ಚಪ್ಪಲಿ ಬಿಡುವ ಮೊದಲೇ, ಒಳಗೆ ಕೇಳುವ ಹಾಗೆ, "ಇನ್ನೂ ಅದಾಳೇನು?" ಅನ್ನುತ್ತಿದ್ದ. ನಾನು ಚಹಾ ಕೊಡುತ್ತಿದ್ದೆ. ಕಾನ್ವೆಂಟಿನ ಸಿಸ್ಟರುಗಳು ನನಗೆ ಕಲಿಸಿದ್ದು ಎರಡು: ಮನೆಗೆ ಬಂದವರಿಗೆ ನಗುಮುಖ ತೋರಿಸುವುದು, ಕೆಟ್ಟದ್ದು ಮಾಡಿದವರನ್ನು ಕ್ಷಮಿಸುವುದು. ನಗುಮುಖ ತೋರಿಸುತ್ತಿದ್ದೆ. ಎರಡನೆಯದು ನನ್ನಿಂದ ಆಗಲಿಲ್ಲ.

ಸೇಡು ನಾನು ಅಡಿಗೆಮನೆಯಿಂದಲೇ ತೀರಿಸಿಕೊಳ್ಳುತ್ತಿದ್ದೆ. ಅತ್ತೆಗೆ ಬೆಳಿಗ್ಗೆ ಜೋಳದ ಗಂಜಿ, ಮಧ್ಯಾಹ್ನ ಮೆತ್ತನೆ ರೊಟ್ಟಿ, ಅಗಸಿ ಚಟ್ನಿ, ಮೆಂತ್ಯೆ ಪಲ್ಲೆ. ಉಪ್ಪು ಕಡಿಮೆ, ಎಣ್ಣೆ ಕಡಿಮೆ. ಪ್ರತಿ ರೊಟ್ಟಿ ತಟ್ಟುವಾಗಲೂ ಮನಸ್ಸಿನಲ್ಲಿ ಅನ್ನುತ್ತಿದ್ದೆ: ಅತ್ತೆಗೆ ಇನ್ನೊಂದು ದಿನ ಹೆಚ್ಚು, ಸಣ್ಣಮಾವನ ಆ ಬಾಯಿಗೆ ಉತ್ತರ.

ನಾವು ತೋರಿಸುವ ಡಾಕ್ಟರು ವಯಸ್ಸಾದವರು, ಮಾತು ಕಡಿಮೆ. ಅತ್ತೆಯ ರಿಪೋರ್ಟ್ ನೋಡಿ ಪ್ರತಿ ಸಲ ತಲೆ ಕೆರೆದುಕೊಳ್ಳುತ್ತಿದ್ದರು. "ಈ ಹಾಳಿ ಒಂದು ಹೇಳ್ತಾವ, ಇವರು ಒಂದು ಹೇಳ್ತಾರ. ನಾ ಇವರ ಮಾತ ನಂಬ್ತೀನವ್ವಾ. ಮುದುಕರು ತಮ್ಮ ಮೈ ಬಗ್ಗೆ ತಾವ ಏನಂತಾರ ಅದನ್ನ ಮೊದಲು ಕೇಳಬೇಕು. ಗಟ್ಟಿ ಅದೀನಿ ಅನ್ನೋರು ಉಳೀತಾರ. ಅದನ್ನ ಅನ್ನೂದು ಬಿಟ್ರು ಅಂದ್ರ ಮಾತ್ರ ಲಗೂನ ಕರಕೊಂಡು ಬರ್ರಿ."

ಆ ಮಾತು ಕೇಳಿದಾಗ ನನಗೆ ನೆನಪಾದದ್ದು ಸಣ್ಣಮಾವ. ಆತನಿಗೆ ಸಕ್ಕರೆ ಇಲ್ಲ, ಬಿ.ಪಿ. ಇಲ್ಲ. ಬೆಳಿಗ್ಗೆ ಎದ್ದು ಹೊಲದ ತನಕ ನಡೆಯುತ್ತಿದ್ದ, ಕಡಲೆಕಾಯಿ ಹಲ್ಲಿನಲ್ಲೇ ಒಡೆಯುತ್ತಿದ್ದ. ಆದರೆ ಹೇಗಿದ್ದೀರಿ ಅಂದರೆ ಎರಡು ವರ್ಷದಿಂದ ಒಂದೇ ಉತ್ತರ: "ನಂದೇನವ್ವಾ, ಮುಗೀತು. ಒಳಗ ಖಾಲಿ ಆಗೇತಿ." ಯಾರೂ ಲಕ್ಷ್ಯ ಕೊಡಲಿಲ್ಲ. ನಮ್ಮ ಕಡೆ ಆರಾಮ ಇದ್ದೇನೆ ಅಂದರೆ ದೃಷ್ಟಿ ಆಗುತ್ತದೆ. ಗಟ್ಟಿಮುಟ್ಟಾದವರೂ 'ಏನೋ ನಡದೈತಿ' ಅನ್ನುವುದೇ ರೂಢಿ. ಆತನ ಮಕ್ಕಳೂ ಹಾಗೇ ತಿಳಿದರು. "ಅಪ್ಪಗ ದೃಷ್ಟಿ ಅಂಜಿಕಿ" ಎಂದು ನಕ್ಕರು. ನಾನು ಮಾತ್ರ ಆತನ ಆರಿಹೋದ ಕಣ್ಣು ನೋಡಿದ್ದೆ, ಆ ಮಾತು ನಿಜ ಅಂತ ಗೊತ್ತಾಗಿತ್ತು. ನೋಡಿಯೂ ಯಾರಿಗೂ ಹೇಳದೆ, ಇನ್ನೊಂದು ಬಿಸ್ಕೀಟು ಮುಂದಿಟ್ಟು, ಒಳಗೆ ಹೋಗಿ ಅತ್ತೆಗೆ ಹಾಲು ಕಾಸಿದ್ದೆ.

ಆವತ್ತು ಗಂಜಿ ಇಳಿಸುವ ಹೊತ್ತಿಗೆ ಫೋನ್ ಬಂತು. ನಮ್ಮವರು ಎತ್ತಿದರು, ಕೇಳಿ ಇಟ್ಟರು. "ಕಾಕಾ ಹೋದ್ರಂತ. ಕೂತಲ್ಲೇ."

ಅತ್ತೆ ಕೇಳಿಸಿಕೊಂಡಿದ್ದರು. ಗಂಜಿಯ ಬಟ್ಟಲು ಖಾಲಿ ಮಾಡಿ, ಬೆರಳು ನೆಕ್ಕಿ, "ಇಳಕಲ್ ಸೀರಿ ತೆಗಿ" ಅಂದರು.

ಬಾಡಿಗೆ ಕಾರಿನಲ್ಲಿ ಹೋದೆವು. ಅಂಗಳದ ತುಂಬ ಜನ. ಅದೇ ಪಡಸಾಲೆಯಲ್ಲಿ ಆತನನ್ನು ಗೋಡೆಗೆ ಆನಿಸಿ ಕೂಡಿಸಿ, ವಿಭೂತಿ ಹಚ್ಚಿ, ಹೂವಿನ ಹಾರ ಹಾಕಿದ್ದರು. ಅತ್ತೆ ಮಾವನ ಊರುಗೋಲು ಹಿಡಿದು ಹೊಸ್ತಿಲ ಹೊರಗೆ ನಿಂತರು. ಚಪ್ಪಲಿ ಬಿಡಲಿಲ್ಲ. ಒಳಗೆಲ್ಲ ಕೇಳುವ ಹಾಗೆ ಕೇಳಿದರು:

"ಇನ್ನೂ ಅದಾನೇನು?"

ಅಳುತ್ತಿದ್ದವರು ಅಳು ನಿಲ್ಲಿಸಿದರು. ನಮ್ಮವರು ತಲೆ ತಗ್ಗಿಸಿದರು. ನನಗೂ ನಾಚಿಕೆ ಆಗಬೇಕಿತ್ತು. ಆಗಲಿಲ್ಲ. ಬಿಸಿಲಲ್ಲಿ ಬಂದವರಿಗೆ ತಣ್ಣನೆ ಮಜ್ಜಿಗೆ ಕೊಟ್ಟ ಹಾಗಾಯಿತು.

ಹೊಲದಲ್ಲಿ ಗುಣಿಯ ಅಂಚಿಗೆ ನಾನೇ ಕೈ ಹಿಡಿದು ಕರೆದುಕೊಂಡು ಹೋದೆ. ಎಲ್ಲರೂ ಒಂದೊಂದು ಹಿಡಿ ಮಣ್ಣು ಕೊಟ್ಟರು. ಅತ್ತೆ ಒಂದು ಹಿಡಿ ಹಾಕಿ, ಬಗ್ಗಿ ಇನ್ನೊಂದು ಹಿಡಿ ತೆಗೆದು, ಅದನ್ನೂ ಹಾಕಿದರು. ಕರಿ ಮಣ್ಣು ಅವರ ಉಗುರಿನೊಳಗೂ ಸಿಕ್ಕಿಕೊಂಡಿತ್ತು. ಆಮೇಲೆ ಕೈ ಝಾಡಿಸಿದರು.

ವಾಪಸು ಮನೆಗೆ ಬಂದು ಸಂಜೆ ಬಿಸಿನೀರು ಹಾಕಿದೆ, ರೊಟ್ಟಿ ಮಾಡಿದೆ. ಅತ್ತೆ ಗೋಡೆ ಕಡೆ ಮುಖ ಮಾಡಿ ಮಲಗಿದರು.

"ಅತ್ತಿ, ಹ್ಯಾಂಗದೀರಿ?"

"ಸಾಕಾತವ್ವಾ."

"ಗುಳಿಗಿ?"

"ಇನ್ಯಾಕ ಗುಳಿಗಿ? ಮಣ್ಣು ಕೊಟ್ಟ ಬಂದ್ನೆಲ್ಲ."

ಒಳಕಲ್ಲು ಬಾಯಿಬಿಟ್ಟು ಸಾಕು ಅಂದಿತ್ತು. 'ಗಟ್ಟಿ ಅದೀನಿ' ಅನ್ನುವುದನ್ನು ಬಿಟ್ಟಿದ್ದರು; ಡಾಕ್ಟರು ಎಚ್ಚರಿಸಿದ್ದು ಇದನ್ನೇ. ಸತ್ತವನು ಅತ್ತೆಯನ್ನೂ ಕೈಹಿಡಿದು ಎಳೆಯುತ್ತಿದ್ದಾನೆ, ಗೆಲುವು ಕಡೆಗೂ ಅವನದೇ ಆಗುತ್ತದೆ ಅನ್ನಿಸಿತು.

ಅಷ್ಟರಲ್ಲಿ ಪಕ್ಕದ ಮನೆಯಾಕೆ ಹೆಪ್ಪಿಗೆ ಒಂದು ಚಮಚ ಮೊಸರು ಕೇಳಿಕೊಂಡು ಬಂದಳು. ಆಕೆಯ ತಂಗಿಯನ್ನು ಹನುಮಸಾಗರಕ್ಕೇ ಕೊಟ್ಟಿದ್ದಾರೆ. ಬಟ್ಟಲಿಗೆ ಮೊಸರು ಹಾಕಿಸಿಕೊಳ್ಳುತ್ತಾ ಮೆಲ್ಲಗೆ ಏನೋ ಅಂದಳು. ತಂಗಿ ಫೋನ್ ಮಾಡಿದ್ದಳಂತೆ. ಸಣ್ಣಮಾವನ ಹೆಂಡತಿ ಅಂಗಳದಲ್ಲಿ ಕೂತು ಅತ್ತೆಯ ಬಗ್ಗೆ ಏನೋ ಆಡಿದಳಂತೆ.

ನನಗೆ ಪೂರ್ತಿ ಕೇಳಿಸಿತ್ತು. ಆದರೂ ನಾನು ಹಿಂದೆ ಸರಿದು, ಅತ್ತೆಯ ಕೋಣೆಯ ಬಾಗಿಲು ಇನ್ನಷ್ಟು ತೆರೆದೆ.

"ಕೇಳಿಸ್ಲಿಲ್ರೀ ಅಕ್ಕಾ. ಸ್ವಲ್ಪ ಜೋರಾಗಿ ಹೇಳ್ರಿ."

ಒಳಗೆ ಮಂಚ ಕಿರ್ ಅಂದಿತು.

"ಅಯ್ಯ, ಏನಿಲ್ರೀ," ಅಂದಳು ಆಕೆ, ಬಟ್ಟಲಿನ ಅಂಚಿಗೆ ಅಂಟಿದ ಮೊಸರನ್ನು ಬೆರಳಿನಿಂದ ಒಳಗೆ ತಳ್ಳುತ್ತಾ, ಓಣಿಗೆಲ್ಲ ಕೇಳುವ ದನಿಯಲ್ಲಿ. "'ಮಣ್ಣು ಕೊಡಾಕ ಬಂದಿದ್ಲಲ್ಲ ಆ ಮುದುಕಿ, ಮುಂದಿನ ಜ್ವಾಳದ ರಾಶಿ ನೋಡೂದಿಲ್ಲ ಆಕಿ' ಅಂದ್ಲಂತ. ಇರ್ಲಿ ಬಿಡ್ರಿ, ನಿಮ್ಮ ನಳಕ್ಕ ನೀರು ಬಂದಾವೇನು?"