ಇನ್ನ ಮನ್ಯಾಗ ಇರ್ತೀನಿ

ಉತ್ತರ ಲಂಡನ್ನಿನ ಆಸ್ಪತ್ರೆಯೊಂದರ ವೃದ್ಧರ ವಾರ್ಡಿನಲ್ಲಿ ಪ್ರತಿ ಕ್ರಿಸ್ಮಸ್ ಮಧ್ಯಾಹ್ನ ಟರ್ಕಿ ಕೋಳಿಯನ್ನು ಹೋಳು ಮಾಡಿ ಬಡಿಸುತ್ತಿದ್ದವನು ನಾನು. ಮೊಟ್ಟೆಯ ವಾಸನೆಗೂ ಮೂಗು ಮುಚ್ಚಿಕೊಳ್ಳುವ ಧಾರವಾಡದ ಮನೆಯೊಂದರಲ್ಲಿ ಹುಟ್ಟಿದವನು. ಆ ದಿನ ವಾರ್ಡಿನಲ್ಲಿರುವ ಹಿರಿಯ ಡಾಕ್ಟರೇ ಕತ್ತಿ ಹಿಡಿಯಬೇಕೆಂಬುದು ಅಲ್ಲಿಯ ಪದ್ಧತಿ. ನನಗಿಂತ ಹಿರಿಯರೆಲ್ಲ ರಜೆಯ ಮೇಲೆ ಹೋಗಿರುತ್ತಿದ್ದರು. ತೊಂಬತ್ತರ ದಶಕದ ಶುರುವಿನಲ್ಲಿ ನಾನು ಸೇರಿದಾಗ ಡ್ಯೂಟಿ ಹಾಕುವ ಹೆಂಗಸು, 'ಇದು ನಿಮ್ಮ ಹಬ್ಬವಲ್ಲವಲ್ಲ?' ಎಂದು ನಯವಾಗಿ ಕೇಳಿದ್ದಳು. ಅಲ್ಲ ಎಂದು ತಲೆಯಾಡಿಸಿದೆ. ಆಮೇಲೆ ಯಾರೂ ಕೇಳಲಿಲ್ಲ. ಕ್ರಿಸ್ಮಸ್ ನನ್ನ ಪಾಲಿಗೇ ಅಂಟಿಕೊಂಡಿತು.

ನಮ್ಮ ಹಬ್ಬಗಳಿಗೆ ಬದಲಿ ರಜೆ ಕೊಡುತ್ತಾರೆಂದು ಲೆಕ್ಕ ಹಾಕಿದ್ದೆ. ಒಂದೆರಡು ಸಲ ಕೊಟ್ಟರು ಕೂಡ. ಉಳಿದಂತೆ ಲಂಡನ್ನಿನ ಅಂಚಿನ ಎಜ್‌ವೇರಿನಲ್ಲಿದ್ದ ನಮ್ಮ ಮನೆಯ ಪಂಚಾಂಗ ಆಸ್ಪತ್ರೆಯಿಂದಲೇ ಬರುತ್ತಿತ್ತು. ಚವತಿ ಬುಧವಾರ ಬಿದ್ದರೂ ಗಣಪತಿ ನನಗೆ ಬಿಡುವಿರುವ ಭಾನುವಾರದವರೆಗೆ ಕಾಯಬೇಕು. ದೀಪಾವಳಿಯ ಎಣ್ಣೆಸ್ನಾನ ನಾಲ್ಕು ದಿನ ತಡವಾಗಿ ಆದದ್ದೂ ಉಂಟು. ಇಲ್ಲಿಯ ನಮ್ಮ ಡಾಕ್ಟರ ಮನೆಗಳಲ್ಲೆಲ್ಲ ಹೆಚ್ಚುಕಡಿಮೆ ಇದೇ ಕತೆ. ದೇವರಿಗೂ ಇದು ರೂಢಿಯಾಗಿದೆ ಎಂದು ನಾವು ನಗುತ್ತಿದ್ದೆವು. ಹೆಂಡತಿ ಮೈಸೂರಿನವಳು, ಹಬ್ಬವೆಂದರೆ ಜೀವ. ಆದರೂ ನನಗಾಗಿ ಕಾಯುತ್ತಿದ್ದಳು. ಮಗಳು ಚಿಕ್ಕವಳು, ಅವಳಿಗೆ ಯಾವ ದಿನವಾದರೂ ಕಡುಬು ಕಡುಬೇ.

ಮಗಳು ದೊಡ್ಡವಳಾದ ಮೇಲೆ, ದೀಪಾವಳಿ ವಾರದ ಒಂದು ಭಾನುವಾರ ನಾನೇ ಉಮೇದಿನಿಂದ ಬೇಗ ಎದ್ದು, ಎಣ್ಣೆ ಎಲ್ಲಿ ಎಂದು ಕೇಳಿದೆ. ಹೆಂಡತಿ ಅಡುಗೆಮನೆಯಿಂದ ಹೊರಗೆ ಬಂದಳು.

"ಹಬ್ಬ ಮೊನ್ನೇನೇ ಆಯ್ತಲ್ರೀ. ನಾನೂ ಮಗಳೂ ಮಾಡ್ಕೊಂಡ್ವಿ. ನಿಮ್ಮ ಪಾಲು ಫ್ರಿಜ್‌ನಲ್ಲಿದೆ, ಬಿಸಿ ಮಾಡ್ಲಾ?"

ಸಿಟ್ಟಿನಿಂದ ಹೇಳಿದ್ದರೆ ನಾನೂ ಜಗಳ ಕಾಯುತ್ತಿದ್ದೆ. ನನಗೇನು ಬಾಯಿಲ್ಲವೆ? ಆದರೆ ಅವಳ ದನಿಯಲ್ಲಿ ಸಿಟ್ಟಿನ ಸುಳಿವೇ ಇರಲಿಲ್ಲ. ಸ್ಟೀಲ್ ಡಬ್ಬಿಯಲ್ಲಿ ಎತ್ತಿಟ್ಟಿದ್ದ ಹೋಳಿಗೆಯನ್ನು ನಿಂತೇ ತಿಂದೆ. ಅಲ್ಲಿಂದ ಮುಂದೆ ಹಬ್ಬಗಳು ತಮ್ಮ ತಮ್ಮ ದಿನಕ್ಕೇ ಬಂದು ಹೋದವು, ಡಬ್ಬಿ ನನಗಾಗಿ ಕಾಯುತ್ತಿತ್ತು.

ನಾನು ಕೆಲಸ ಬಿಟ್ಟ ವರ್ಷದ ಹಿಂದಿನ ಕ್ರಿಸ್ಮಸ್. ಅಲ್ಲಿಯ ಕ್ರಿಸ್ಮಸ್ ಊಟದ ರೂಢಿಯಂತೆ ಕಾಗದದ ಕಿರೀಟ ಹಾಕಿಕೊಂಡು ಟರ್ಕಿಯನ್ನು ತೆಳ್ಳಗೆ ಹೋಳು ಮಾಡುತ್ತಿದ್ದೆ. ಇಷ್ಟು ವರ್ಷದಲ್ಲಿ ಕೈ ಪಳಗಿತ್ತು, ರುಚಿ ಮಾತ್ರ ಇವತ್ತಿಗೂ ಗೊತ್ತಿಲ್ಲ. ಕಿಟಕಿಯ ಪಕ್ಕದ ಮಂಚದ ಮುದುಕಿಯೊಬ್ಬಳು, ಸೊಂಟ ಮುರಿದುಕೊಂಡು ಬಂದವಳು, ತಟ್ಟೆ ಇಸಿದುಕೊಳ್ಳುತ್ತ, "ನೀವು ಇಲ್ಲಿದ್ದೀರಿ, ಡಾಕ್ಟರ್. ನಿಮ್ಮ ಮನೆಯಲ್ಲಿ ಇವತ್ತು ಯಾರು ಬಡಿಸುತ್ತಾರೆ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನಮ್ಮಲ್ಲಿ ಈ ಹಬ್ಬವಿಲ್ಲ ಎಂದು ನಕ್ಕೆ. "ನಿಮ್ಮ ಹಬ್ಬದ ದಿನ?" ಎಂದಳು. ಅವಳಿಗೆ ಹೊತ್ತು ಹೋಗಬೇಕಿತ್ತು, ಅಷ್ಟೇ. ನಾನು ಮುಂದಿನ ಮಂಚಕ್ಕೆ ತಟ್ಟೆ ಒಯ್ದೆ. ಬಡಿಸುವವನಿರಲಿ, ಉಣ್ಣುವವನಾಗಿಯೂ ನಾನು ಆ ದಿನ ಮನೆಯಲ್ಲಿ ಇರುತ್ತಿರಲಿಲ್ಲ.

ಸಂಜೆ ಕಾರಿನಲ್ಲಿ ಮನೆಗೆ ಹೊರಟೆ. ಆ ದಿನ ಟ್ಯೂಬ್ ರೈಲೂ ಇಲ್ಲ, ಬಸ್ಸೂ ಇಲ್ಲ, ಅಂಗಡಿಗಳೆಲ್ಲ ಮುಚ್ಚಿದ್ದವು. ಉದ್ದಕ್ಕೂ ಜನರ ಕಿಟಕಿಗಳಲ್ಲಿ ದೀಪ. ಸಿಗ್ನಲ್ಲಿನಲ್ಲಿ ಒಬ್ಬನೇ ನಿಂತಿದ್ದಾಗ ಕೆಲಸ ಬಿಡುವುದೆಂದು ತೀರ್ಮಾನಿಸಿದೆ. ಮನಸ್ಸು ಹಗುರಾಯಿತು. ಮನೆಗೆ ಹೋಗಿ ಹೇಳುತ್ತೇನೆ, ಅವರಿಬ್ಬರೂ ಕುಣಿದಾಡುತ್ತಾರೆ ಎಂದುಕೊಂಡೆ. ದಾರಿಯುದ್ದಕ್ಕೂ ಆ ಮಾತನ್ನು ಬಾಯಿಪಾಠ ಮಾಡಿದೆ.

ಯೂನಿವರ್ಸಿಟಿಯಿಂದ ರಜೆಗೆ ಬಂದಿದ್ದ ಮಗಳು, ಹೆಂಡತಿ ಇಬ್ಬರೂ ಸೋಫಾದಲ್ಲಿ ಒಂದೇ ಕಂಬಳಿ ಹೊದ್ದು ಟೀವಿ ನೋಡುತ್ತಿದ್ದರು. ಕೋಟು ಕೂಡ ಬಿಚ್ಚದೆ ಹೇಳಿದೆ.

"ಕೆಲಸ ಬಿಡಬೇಕಂತ ಮಾಡೇನಿ. ಸಾಕಾತು. ಇನ್ನ ಮನ್ಯಾಗ ಇರ್ತೀನಿ."

ಮಗಳು ಗಾಬರಿಯಿಂದ ಟೀವಿಯ ದನಿ ತಗ್ಗಿಸಿದಳು. "ಅಪ್ಪಾ, ಆರ್ ಯೂ ಅನ್‌ವೆಲ್?"

"ಇಲ್ಲವ್ವಾ, ಆರಾಮ ಇದ್ದೀನಿ."

"ದೆನ್ ವಾಟ್ ವಿಲ್ ಯೂ ಡೂ ಆಲ್ ಡೇ?"

ನಾನು ಹೆಂಡತಿಯ ಕಡೆ ತಿರುಗಿದೆ. ಅವಳು ಕಂಬಳಿಯ ಅಂಚನ್ನು ಮಡಿಸುತ್ತ ಕೂತಿದ್ದಳು.

"ಯಾಕ, ನಿನಗ ಖುಷಿ ಆಗಲಿಲ್ಲೇನು?"

"ಖುಷೀನೇ ರೀ," ಎಂದಳು. ಆಮೇಲೆ, ತಪ್ಪು ತಿಳಿಯಬೇಡಿ ಎನ್ನುವಂತೆ ನನ್ನ ಕೈ ಮುಟ್ಟಿ, ಮೆಲ್ಲಗೆ ಹೇಳಿದಳು. "ನೀವಿಲ್ದೆ ಇರೋದನ್ನ ಕಲಿಯೋಕೆ ನಂಗೆ ಎಷ್ಟು ವರ್ಷ ಹಿಡೀತು ಗೊತ್ತಾ? ಮೊದಮೊದಲು ಅಳ್ತಿದ್ದೆ. ಈಗ ಕಲ್ತಿದೀನಿ. ಇದ್ದಕ್ಕಿದ್ದ ಹಾಗೆ ಬರ್ತೀನಿ ಅಂದ್ರೆ, ಸ್ವಲ್ಪ ಟೈಮ್ ಕೊಡಿ ನಂಗೆ."

ಹೂಂ ಎಂದೆ. ಕೋಟು ಬಿಚ್ಚಿದೆ. ಅವರು ಕಂಬಳಿ ಸರಿಸಿ ಜಾಗ ಮಾಡಿದರು, ನಾನು ತುದಿಯಲ್ಲಿ ಕೂತೆ. ಟೀವಿಯಲ್ಲಿ ನಡೆಯುತ್ತಿದ್ದದ್ದರ ತಲೆಬುಡ ತಿಳಿಯಲಿಲ್ಲ. ಹಿಂದಿನ ಕತೆ ಏನೆಂದು ಕೇಳಲು ನಾಚಿಕೆಯಾಯಿತು. ಅಷ್ಟು ಹತ್ತಿರ ಕೂತು ಅಷ್ಟು ಒಂಟಿಯೆನಿಸಿದ್ದು ನನಗೆ ಅದೇ ಮೊದಲು.

ಹೊಸ ವರ್ಷದಲ್ಲಿ ರಾಜೀನಾಮೆ ಕೊಟ್ಟೆ. ಮಾತಿಗೆ ತಪ್ಪಲಿಲ್ಲ. ವಾರ್ಡಿನವರು ಕೇಕ್ ಕತ್ತರಿಸಿದರು. ಒಳ್ಳೆಯ ನರ್ಸೊಬ್ಬಳು ಕಣ್ಣೊರೆಸಿಕೊಳ್ಳುತ್ತ, ಇಷ್ಟು ಬೇಗ ಯಾಕೆ ಹೋಗುತ್ತೀರಿ ಎಂದು ಕೇಳಿದಳು. ಮನೆಯವರು ಕರೆಯುತ್ತಿದ್ದಾರೆ ಎಂದೆ. ಕೇಳಿದವರಿಗೆಲ್ಲ ಅದನ್ನೇ ಹೇಳಿದೆ. ಯಾರೂ ಕರೆದಿರಲಿಲ್ಲ.