ಟ್ಯಾರೋ ಪುಸ್ತಕದೊಳಗಿನ ಊಟದ ಪಟ್ಟಿ

ಎದುರು ಮನೆಯ ಅಮೆರಿಕನ್ ಹೆಂಗಸು ಮನೆಯನ್ನು ಬ್ಯಾಂಕಿಗೆ ಬಿಟ್ಟುಕೊಟ್ಟು ಓಹಾಯೋದಲ್ಲಿದ್ದ ತಂಗಿಯ ಮನೆಗೆ ಹೊರಟ ಬೆಳಿಗ್ಗೆ, ನನ್ನ ಕೈಗೆ ಭವಿಷ್ಯ ನೋಡುವ ಒಂದು ಟ್ಯಾರೋ ಕಾರ್ಡಿನ ಕಟ್ಟನ್ನು ಕೊಟ್ಟರು. ಡೆಟ್ರಾಯ್ಟ್ ಹತ್ತಿರದ ಟ್ರಾಯ್ ಊರಿನ ಆ ಬಡಾವಣೆಯಲ್ಲಿ ಆರು ವರ್ಷ ನಾವು ಎದುರುಬದುರು ಇದ್ದವರು. ಬೇಸಿಗೆಯಲ್ಲಿ ಅವರು ಹಿತ್ತಲಿನ ಟೊಮೆಟೊ ಕೊಡುವುದು, ನಾನು ಕೋಸಂಬರಿ ಕೊಡುವುದು, ಇಷ್ಟೇ ನಮ್ಮ ಬಳಕೆ. ಕಟ್ಟು ನೀಲಿ ಕರವಸ್ತ್ರದಲ್ಲಿ ಸುತ್ತಿತ್ತು. ಜೊತೆಗೆ ಬಂದಿದ್ದ ಪುಟ್ಟ ಪುಸ್ತಕ ಎಂದೋ ಕಳೆದುಹೋಯಿತು, ಲೈಬ್ರರಿಯಲ್ಲಿ ಒಳ್ಳೆಯದೊಂದು ನೋಡಿ ತಂದುಕೋ ಎಂದರು. ನಿಮಗೆ ಬೇಡವೇ ಎಂದು ಕೇಳಿದೆ. ತನಗೆ ಇನ್ನು ಕೇಳುವುದು ಏನೂ ಉಳಿದಿಲ್ಲ ಎಂದು ಹೇಳಿ ಕಾರು ಹತ್ತಿದರು.

ಒಳಗೆ ಬಂದು ಕರವಸ್ತ್ರ ಬಿಚ್ಚಿದೆ. ಎಲ್ಲಕ್ಕಿಂತ ಮೇಲಿದ್ದದ್ದು ಸಿಡಿಲು ಹೊಡೆದ ಒಂದು ಗೋಪುರದ ಚಿತ್ರ. ಅದರ ಕಿಟಕಿಗಳಿಂದ ಬೆಂಕಿ. ಒಬ್ಬ ಗಂಡಸು, ಒಬ್ಬ ಹೆಂಗಸು ತಲೆಕೆಳಗಾಗಿ ಬೀಳುತ್ತಿದ್ದರು. ಆಕೆ ಕೊನೆಯದಾಗಿ ತೆಗೆದ ಕಾರ್ಡು ಅದೇ ಇರಬೇಕು.

ಕಾರು ಕಂಪನಿಗಳು ಮುಳುಗುತ್ತಿದ್ದ ಆ ವರ್ಷ ಡೆಟ್ರಾಯ್ಟ್ ಸುತ್ತ ಎಲ್ಲರೂ ಏನಾದರೊಂದನ್ನು ಕೇಳುತ್ತಲೇ ಇದ್ದರು. ನಮ್ಮವರು ಕೆಲಸ ಮಾಡುತ್ತಿದ್ದದ್ದು ಕಾರು ಕಂಪನಿಗಳಿಗೆ ಬಿಡಿಭಾಗ ಒದಗಿಸುವ ಒಂದು ಆಫೀಸಿನಲ್ಲಿ. ಶುಕ್ರವಾರ ಬಂತೆಂದರೆ ಅಲ್ಲಿ ಯಾರಾದರೂ ಮೇಜು ಖಾಲಿ ಮಾಡುತ್ತಿದ್ದರು. ನಮ್ಮ ಗ್ರೀನ್ ಕಾರ್ಡ್ ಅರ್ಜಿ ಇನ್ನೂ ಆ ಕಂಪನಿಯ ಮೂಲಕ ನಡೆಯುತ್ತಿತ್ತು. ಕೆಲಸ ಹೋದರೆ ಅದೂ ಹೋಯಿತು, ಗಂಟುಮೂಟೆ ಕಟ್ಟಬೇಕು. ಮಗಳು ಹನ್ನೊಂದನೆಯ ತರಗತಿಯಲ್ಲಿದ್ದಳು. ನಮ್ಮವರು ದಿನಾ ಸಂಜೆ ಐದೂ ಮುಕ್ಕಾಲಿಗೆ ಬರುತ್ತಿದ್ದರು. ಅದಕ್ಕಿಂತ ಮೊದಲು ಗರಾಜಿನ ಬಾಗಿಲು ಸದ್ದು ಮಾಡಿದರೆ ಕೆಲಸ ಹೋಯಿತೆಂದೇ ಅರ್ಥ; ಆ ಸದ್ದು ಕೇಳದೆ ಹೋದೀತೆಂದು ನಾನು ಮಧ್ಯಾಹ್ನದ ಹೊತ್ತು ಮಿಕ್ಸಿ ಹಾಕುವುದನ್ನೂ ಬಿಟ್ಟಿದ್ದೆ.

ಲೈಬ್ರರಿಯಲ್ಲಿ ಟ್ಯಾರೋ ಕಲಿಯುವವರ ಪುಸ್ತಕ ಮೂರು ಇದ್ದವು. ಒಂದು ಬಹಳ ದಪ್ಪ. ನೂರು ಪುಟ ದಾಟುವವರೆಗೆ ಇಟಲಿಯ ರಾಜರ ಕಥೆಯೇ, ಕಾರ್ಡಿನ ಸುದ್ದಿಯೇ ಇಲ್ಲ. ಇನ್ನೊಂದು ತೆಳ್ಳಗೆ, ಬಣ್ಣಬಣ್ಣದ್ದು. ಮೂರನೆಯದು ನಡುಗಾತ್ರದ್ದು, ಬೆನ್ನು ಸವೆದು ಟೇಪ್ ಹಚ್ಚಿಸಿಕೊಂಡಿತ್ತು. ಕೌಂಟರಿನಲ್ಲಿದ್ದ ಹೆಂಗಸು, ಪುಸ್ತಕದ ಚಿತ್ರ ನಿಮ್ಮ ಕಟ್ಟಿನ ಚಿತ್ರದ ಹಾಗೆಯೇ ಇದೆಯೇ ನೋಡಿಕೊಳ್ಳಿ, ಇಲ್ಲದಿದ್ದರೆ ಹೊಸಬರಿಗೆ ತಲೆ ಕೆಡುತ್ತದೆ ಎಂದರು. ಮೂರರಲ್ಲೂ ಅವೇ ಚಿತ್ರಗಳಿದ್ದವು. ಮೂರನ್ನೂ ತಂದೆ.

ಅಡುಗೆ ಪುಸ್ತಕ ಆರಿಸುವಾಗ ನನ್ನದೊಂದು ಕ್ರಮವಿದೆ. ನನಗೆ ಚೆನ್ನಾಗಿ ಗೊತ್ತಿರುವ ಒಂದೇ ಒಂದು ಅಡುಗೆಯ ಪುಟ ತೆಗೆಯುವುದು. ಸಾರಿಗೆ ಬೇಳೆ ಎಷ್ಟು, ಹುಳಿ ಯಾವಾಗ ಎಂದು ಸರಿಯಾಗಿ ಬರೆದಿದ್ದರೆ ಉಳಿದದ್ದನ್ನೂ ನಂಬುವುದು. ಟ್ಯಾರೋದಲ್ಲಿ ನನಗೆ ಗೊತ್ತಿದ್ದದ್ದು ಆ ಗೋಪುರ ಒಂದೇ. ಅಡುಗೆಮನೆಯ ಮೇಜಿನ ಮೇಲೆ ಮೂರೂ ಪುಸ್ತಕ ಇಟ್ಟು ಅದನ್ನೇ ಹುಡುಕಿದೆ.

ದಪ್ಪ ಪುಸ್ತಕ ಗೋಪುರ ಯಾವ ಕಾಲದ್ದು ಎಂದು ಹೇಳಿತೇ ಹೊರತು ಏನಾಗುತ್ತದೆ ಎಂದು ಹೇಳಲಿಲ್ಲ. ತೆಳ್ಳನೆಯದರ ಪ್ರಕಾರ ಹಳೆಯದು ಹೋಗಿ ಹೊಸದಕ್ಕೆ ಜಾಗವಾಗುವುದು ಸಂತೋಷದ ವಿಷಯ. ಅದರಲ್ಲಿ ಕೆಟ್ಟ ಕಾರ್ಡೇ ಇರಲಿಲ್ಲ. ಸಾವಿನ ಕಾರ್ಡಿಗೂ ಒಂದು ಶುಭಾಶಯವಿತ್ತು. ಮೂರನೆಯ ಪುಸ್ತಕವನ್ನು ನಾನು ಹುಡುಕಬೇಕಾಗಲಿಲ್ಲ. ಮೇಜಿನ ಮೇಲಿಟ್ಟ ಕೂಡಲೇ ತಾನಾಗಿ ಗೋಪುರದ ಪುಟಕ್ಕೇ ಬಿಚ್ಚಿಕೊಂಡಿತು. ಭದ್ರವೆಂದು ನಂಬಿದ್ದು ಬೀಳುತ್ತದೆ, ಮುಂಚೆ ಗೊತ್ತಾದರೂ ಹಿಡಿದು ನಿಲ್ಲಿಸಲಾಗದು ಎಂಬ ಅರ್ಥದ ಎರಡು ಸಾಲು, ಅಷ್ಟೇ. ಪುಟಗಳ ನಡುವೆ ಒಂದು ದಪ್ಪ ಕಾಗದದ ಚೀಟಿ ಇತ್ತು. ಚೀಟಿ ಕನ್ನಡದಲ್ಲಿತ್ತು.

ಹಸಿರು ಸ್ಕೆಚ್ ಪೆನ್ನಿನ ದುಂಡಗಿನ ಅಕ್ಷರ. ನೋಡಿದ ತಕ್ಷಣ ಯಾರದೆಂದು ತಿಳಿಯಿತು. ದೇವಸ್ಥಾನದ ಹಾಲ್‌ನಲ್ಲಿ ನಾವು ಕನ್ನಡದವರು ಸೇರಿ ಊಟ ಹಂಚಿಕೊಳ್ಳುವಾಗ, ಪ್ರತಿ ಪಾತ್ರೆಯ ಮುಂದೆ ‘ಖಾರ ಇದೆ’, ‘ಈರುಳ್ಳಿ ಇಲ್ಲ’ ಎಂದು ಇದೇ ಪೆನ್ನಿನಲ್ಲಿ ಬರೆದಿಡುತ್ತಿದ್ದವರು ಮೈಸೂರಿನ ಒಬ್ಬ ಆಂಟಿ. ಅವರಿಗೆ ನನಗಿಂತ ಹತ್ತು ವರ್ಷ ಹೆಚ್ಚು. ಅವರ ಯಜಮಾನರು ನಮ್ಮವರ ಮ್ಯಾನೇಜರ್.

ಚೀಟಿಯ ಮೇಲ್ಗಡೆ ‘ಯಾವ ಮನೆ? ಒಬ್ಬರು’ ಎಂದಿತ್ತು. ಕೆಳಗೆ ನಾಲ್ಕು ಸಾಲು, ಒಂದೊಂದು ಅಡುಗೆಯ ಎದುರಿಗೆ ಒಂದೊಂದು ಕಾರ್ಡಿನ ಹೆಸರು. ಪುಳಿಯೋಗರೆ, ಎದುರಿಗೆ ಚಕ್ರ. ಮೊಸರನ್ನ, ಎದುರಿಗೆ ಸನ್ಯಾಸಿ. ರೊಟ್ಟಿ ಎಣ್ಣೆಗಾಯಿ, ಎದುರಿಗೆ ಸೂರ್ಯ. ಬಿಸಿಬೇಳೆಬಾತ್, ಎದುರಿಗೆ ಗೋಪುರ.

ಆ ಆಫೀಸಿನಲ್ಲಿ ಆಂಟಿಯ ಯಜಮಾನರ ಕೈಕೆಳಗೆ ಕನ್ನಡದ ಮನೆಗಳು ನಾಲ್ಕು; ಅವುಗಳಲ್ಲಿ ಕೆಲಸ ಕಳೆದುಕೊಳ್ಳುವ ಒಬ್ಬರು ಯಾರು ಎಂದು ಆಂಟಿ ಕಾರ್ಡುಗಳನ್ನು ಕೇಳಿದ್ದರು. ಯಾವ ಮನೆಯಿಂದ ಯಾವ ಅಡುಗೆ ಬರುತ್ತದೆ ಎನ್ನುವುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಬಿಸಿಬೇಳೆಬಾತ್ ನಾನು.

ಸಂಜೆ ನಮ್ಮವರು ಕಾಫಿ ಕುಡಿಯುತ್ತ ಪುಸ್ತಕಗಳ ಕಡೆ ನೋಡಿದರು.

“ಏನೇ ಇದು, ಇಸ್ಪೀಟ್ ಆಡಕ್ಕೆ ಶುರು ಮಾಡ್ದ್ಯಾ?”

“ಸುಮ್ನೆ ಓದಕ್ಕೆ.”

“ಹಂಗಿದ್ರೆ ನಮ್ ಬಾಸ್ ಯಾಕೆ ಎರಡು ವಾರದಿಂದ ನಮ್ ಜೊತೆ ಊಟಕ್ಕೆ ಬರ್ತಿಲ್ಲ ಅಂತ ಆ ಕಾರ್ಡುಗಳ್ನೇ ಕೇಳ್ನೋಡು.”

“ಮಾಮ್, ಇಟ್ಸ್ ಜಸ್ಟ್ ಪಿಕ್ಚರ್ಸ್,” ಎಂದಳು ಮಗಳು, ತಲೆ ಎತ್ತದೆ.

ಚೀಟಿಯ ವಿಷಯ ಹೇಳಬೇಕೆಂದು ಬಾಯಿ ತೆರೆದೆ. ಹೇಳಿದರೆ ನಿಜವಾಗಿಬಿಡುತ್ತದೆ ಎನ್ನಿಸಿ ಬಿಸ್ಕತ್ತು ಬೇಕೇ ಎಂದು ಕೇಳಿದೆ.

ಮೂರನೆಯ ಪುಸ್ತಕ ಹೊಸಬರಿಗೆ ಒಂದೇ ಅಭ್ಯಾಸ ಹೇಳಿತ್ತು. ಬೆಳಿಗ್ಗೆ ಒಂದು ಕಾರ್ಡ್ ತೆಗೆದು ಬರೆದಿಡುವುದು, ಸಂಜೆ ಆ ದಿನ ಏನಾಯಿತೆಂದು ಪಕ್ಕದಲ್ಲಿ ಬರೆಯುವುದು. ಹಾಲು ತೀರಿದ ದಿನವನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕುವವಳು ನಾನು, ನನಗೆ ಅದು ಒಗ್ಗಿತು. ಒಂಬತ್ತು ದಿನ ಬರೆದೆ. ಗೋಪುರ ನನಗೆ ಒಮ್ಮೆಯೂ ಬರಲಿಲ್ಲ. ಬಂದಿದ್ದರೆ ಮುಗಿಯಿತು ಎಂದುಕೊಳ್ಳುತ್ತಿದ್ದೆ. ಬಾರದೆ ಇದ್ದದ್ದು ಇನ್ನೂ ಕೆಟ್ಟದಾಗಿತ್ತು. ಎಲ್ಲೋ ಕಾದು ಕುಳಿತ ಹಾಗೆ. ಎದುರು ಮನೆಯ ಅಂಚೆ ಪೆಟ್ಟಿಗೆ ತುಂಬಿ ಕಾಗದಗಳು ಹಿಮದ ಮೇಲೆ ಬೀಳತೊಡಗಿದ್ದವು.

ಹತ್ತನೆಯ ದಿನ ಆಂಟಿಯ ಫೋನ್ ಬಂತು. ಯುಗಾದಿ ಊಟದ ಪಟ್ಟಿ ಮಾಡುತ್ತಿದ್ದರು.

“ನಿಮ್ದು ಯಾವತ್ತಿನ ಹಾಗೆ ಬಿಸಿಬೇಳೆಬಾತ್ ಅಂತ ಬರ್ಕೊಳ್ಳಾ?”

“ಈ ಸಲ ಬೇಡ ಆಂಟಿ. ಪಲಾವ್ ಮಾಡ್ತೀನಿ.”

ಆ ಕಡೆ ಪೆನ್ನಿನ ಸದ್ದು ನಿಂತಿತು.

“ಯಾಕಮ್ಮಾ?”

“ಹೀಗೇ. ಪ್ರತಿ ಸಲ ಅದೇ ತಿಂದು ಎಲ್ರಿಗೂ ಬೇಜಾರಾಗಿರತ್ತೆ.”

“ಸರಿ,” ಎಂದು ಬರೆದುಕೊಂಡರು. ಆ ಮೇಲೆ ಮಗಳ ಓದಿನ ಬಗ್ಗೆ ಏನೋ ಕೇಳಿದರು. ನಾನು ಏನೋ ಹೇಳಿದೆ.

ಓದಿದವಳು ಮಾಡುವ ಕೆಲಸವಲ್ಲ ಎಂದು ಆಗಲೂ ಗೊತ್ತಿತ್ತು. ಪಾತ್ರೆ ಬದಲಾಯಿಸಿದರೆ ಕಾರ್ಡಿಗೆ ನಮ್ಮ ಮನೆಯ ದಾರಿ ತಪ್ಪುತ್ತದೆ ಎಂದು ನಂಬಿದ್ದೆ ಎಂದಲ್ಲ. ನಂಬಲಿಲ್ಲ ಎಂದೂ ಅಲ್ಲ.

ಯುಗಾದಿಯ ಶನಿವಾರ ಹಾಲ್‌ಗೆ ಹೋದಾಗ ಪಂಚಾಂಗ ಓದುತ್ತಿದ್ದರು. ಬೇರೆ ವರ್ಷ ಹಿಂದಿನ ಸಾಲುಗಳಲ್ಲಿ ಮಾತು ನಡೆಯುತ್ತಿರುತ್ತದೆ. ಈ ಸಲ ಗಂಡಸರೂ ಮುಂದೆ ಬಾಗಿ ಕೇಳುತ್ತಿದ್ದರು. ನಾನು ಪಲಾವಿನ ಟ್ರೇ ಇಡಲು ಮೇಜಿನ ಹತ್ತಿರ ಹೋದೆ. ಎರಡು ಪಾತ್ರೆ ಆಚೆಗೆ ಬಿಸಿಬೇಳೆಬಾತ್ ಇತ್ತು. ಮುಂದೆ ಹಸಿರು ಅಕ್ಷರದ ಚೀಟಿ.

ಮಾಡಿದವರು ಧಾರವಾಡದ ಕಡೆಯವರು, ಯಾವಾಗಲೂ ರೊಟ್ಟಿ ಎಣ್ಣೆಗಾಯಿ ತರುತ್ತಿದ್ದವರು. ನನ್ನನ್ನು ಕಂಡು ನಗುತ್ತ ಬಂದರು.

“ನೀವು ಮಾಡೂದಿಲ್ಲ ಅಂದ್ರಂತ. ಬಿಸಿಬ್ಯಾಳಿಬಾತ್ ಇಲ್ದ ಯುಗಾದಿ ಹೆಂಗ್ರಿ? ನಾನ ಮಾಡಿದೆ. ರುಚಿ ನೋಡಿ ಬಯ್ಯಬ್ಯಾಡ್ರಿ ಮತ್ತ.”

“ರೊಟ್ಟಿ ತರ್ಲಿಲ್ವಾ?”

“ಎರಡೆರಡು ಯಾರ ಮಾಡ್ತಾರ್ರಿ? ನಾ ಏನ್ ಹೋಟೆಲ್ ಇಟ್ಟೀನೇನು?”

ಮೇಜಿನ ತುದಿಯಲ್ಲಿ ಆಂಟಿ ನಿಂತಿದ್ದರು. ಕೈಯಲ್ಲಿ ಪೆನ್ನಿನ ಮುಚ್ಚಳ ಹಾಕುತ್ತ, ತೆಗೆಯುತ್ತ ನಮ್ಮಿಬ್ಬರನ್ನೇ ನೋಡುತ್ತಿದ್ದರು. ನಾನು ನೋಡಿದಾಗ ಮುಖ ತಿರುಗಿಸಿಕೊಂಡರು. ಬಿಸಿಬೇಳೆಬಾತ್ ಚೆನ್ನಾಗಿಯೇ ಇತ್ತು. ಚಕ್ಕೆ ಸ್ವಲ್ಪ ಮುಂದಾಗಿತ್ತು. ಎರಡು ತುತ್ತು ತಿಂದು ತಟ್ಟೆ ಕೆಳಗಿಟ್ಟೆ.

ಮುಂದಿನ ಶುಕ್ರವಾರ ಗರಾಜಿನ ಬಾಗಿಲು ಐದೂ ಮುಕ್ಕಾಲಿಗೇ ಸದ್ದು ಮಾಡಿತು. ನಮ್ಮವರು ಒಳಗೆ ಬಂದು ಬೂಟು ಬಿಚ್ಚದೆ ಕುಳಿತರು.

“ಒಬ್ರನ್ನ ತೆಗೆದ್ರು. ಧಾರವಾಡದವರನ್ನ.”

ನನಗೆ ಮೊದಲು ಬಂದದ್ದು ಸಮಾಧಾನ. ಅದನ್ನು ಮುಚ್ಚಿಡುವುದಿಲ್ಲ. ಅದು ಒಳಗಿಳಿದು ಮುಗಿಯುವ ಮೊದಲೇ ಇನ್ನೊಂದು ಬಂದು ಅದರ ಪಕ್ಕ ಕುಳಿತಿತು. ಇವತ್ತಿನವರೆಗೂ ಎದ್ದು ಹೋಗಿಲ್ಲ.

ಚೀಟಿಯಲ್ಲಿ ಅವರದು ಸೂರ್ಯನ ಕಾರ್ಡು. ಮೂರು ಪುಸ್ತಕದಲ್ಲೂ ಅದಕ್ಕೆ ಒಂದೇ ಅರ್ಥವಿತ್ತು, ಒಳ್ಳೆಯದು.

ಮೂರು ವಾರದ ಮೇಲೆ ಧಾರವಾಡದ ಆಕೆ ನನ್ನ ದೊಡ್ಡ ಕುಕ್ಕರ್ ಹಿಂದಿರುಗಿಸಲು ಬಂದರು. ಆ ಯುಗಾದಿಗೆಂದೇ ನಮ್ಮ ಮನೆಯಿಂದ ಒಯ್ದದ್ದು. ಅವರ ಯಜಮಾನರು ಬಂದು ಒಯ್ದರೆಂದು ಆಗ ಮಗಳು ಹೇಳಿದಾಗ ಏಕೆಂದು ನಾನು ಕೇಳಿರಲಿಲ್ಲ. ಮನೆ ಬಿಟ್ಟು ಶಿಕಾಗೋ ಕಡೆ, ಲೆಮಾಂಟ್ ಹತ್ತಿರದ ಮೈದುನನ ಮನೆಗೆ ಹೊರಟಿದ್ದರು. ಕಾಫಿ ಕೊಟ್ಟೆ.

“ನಮಗ ಗ್ರೀನ್ ಕಾರ್ಡ್ ಐತ್ರಿ, ಹೆಂಗಾರ ನಡೀತದ,” ಎಂದರು. “ನಿಮಗಿಲ್ಲಲ್ಲ. ನಿಮ್ಮವರು ಉಳದ್ರು, ಅದ ಛಲೋ ಆತು.”

ನಾನು ಕುಕ್ಕರಿನ ಗ್ಯಾಸ್ಕೆಟ್ ಸರಿ ಮಾಡುತ್ತ ಕುಳಿತೆ. ಮೇಜಿನ ಮೂಲೆಯಲ್ಲಿದ್ದ ಪುಸ್ತಕಗಳನ್ನು ಆಕೆ ತಿರುವಿ ನೋಡಿದರು.

“ಈ ಕಾರ್ಡ್ ನೋಡೂದು ನನಗೂ ಕಲೀಬೇಕಾಗೇತಿ. ಅಲ್ಲಿ ಕುಂತು ಏನ್ ಮಾಡ್ಲಿ? ಯಾವ ಪುಸ್ತಕ ತಗೊಳ್ಲಿ, ಹೇಳ್ರಿ.”

ತೆಳ್ಳನೆಯದನ್ನು ಮುಂದೆ ಸರಿಸಿದೆ. “ಹೊಸಬರಿಗೆ ಇದು ಒಳ್ಳೇದು. ಇದ್ರಲ್ಲಿ ಕೆಟ್ಟ ಕಾರ್ಡೇ ಇಲ್ಲ.”

“ಹಂಗಾರ ಅದು ಬ್ಯಾಡ. ಖರೇ ಹೇಳೂದು ಯಾವುದು?”

ಹೇಳುವುದಾದರೆ ಆಗಲೇ ಹೇಳಬೇಕಿತ್ತು. ಚೀಟಿ, ಪಲಾವ್, ಎಲ್ಲ. ನಾನು ಮೂರನೆಯ ಪುಸ್ತಕದ ಹೆಸರನ್ನು ಒಂದು ಕಾಗದದ ಮೇಲೆ ಬರೆದುಕೊಟ್ಟೆ. ಆಕೆ ಮಡಿಸಿ ಪರ್ಸಿನಲ್ಲಿಟ್ಟುಕೊಂಡರು. ಕುಂಕುಮ ಕೊಟ್ಟು ಕಳಿಸಿದೆ.

ಮರುದಿನ ಲೈಬ್ರರಿಗೆ ಹೋಗಿ ಮೂರನ್ನೂ ಹಿಂದಿರುಗಿಸಿದೆ. ಚೀಟಿ ಇದ್ದ ಪುಟದಲ್ಲೇ ಇತ್ತು.

ಅಕ್ಷಯ ತೃತೀಯೆಯ ಕೋಸಂಬರಿ ಪಾನಕದ ದಿನ, ಮುಂದಿನ ಊಟದ ಪಟ್ಟಿ ಹಾಲ್‌ನಲ್ಲಿ ಕೈಯಿಂದ ಕೈಗೆ ಬಂತು. ರೊಟ್ಟಿ ಎಣ್ಣೆಗಾಯಿಯ ಸಾಲು ಈಗ ಇರಲಿಲ್ಲ. ಬಿಸಿಬೇಳೆಬಾತಿನ ಮುಂದೆ ಖಾಲಿ. ಆಫೀಸಿನಲ್ಲಿ ಇನ್ನೂ ಒಬ್ಬರನ್ನು ತೆಗೆಯುತ್ತಾರೆಂದು ನಮ್ಮವರು ಆ ಬೆಳಿಗ್ಗೆಯೇ ಹೇಳಿದ್ದರು. ಆಂಟಿ ನನ್ನ ಪಕ್ಕದಲ್ಲೇ ಕುಳಿತಿದ್ದರು. ಕೇಳದೆಯೇ ಹಸಿರು ಪೆನ್ನು ಚಾಚಿದರು.

ಈ ಸಲ ಗೋಪುರ ಬಂದರೆ ನಮ್ಮ ಮನೆಗೇ ಬರಲಿ ಎಂದುಕೊಂಡು ನಾನು ಆ ಸಾಲಿನ ಮುಂದೆ ನನ್ನ ಹೆಸರು ಬರೆದೆ.

ಅವರು ಅದನ್ನು ಎರಡು ಸಲ ಓದಿದರು. “ಈರುಳ್ಳಿ ಹಾಕ್ಬೇಡಿ,” ಎಂದರು ಮೆಲ್ಲಗೆ, ಪಟ್ಟಿಯನ್ನು ಮುಂದಿನವರಿಗೆ ದಾಟಿಸುತ್ತ.