ಸಾಲಿನ ತುದಿ ಹಿಡಿಯುವವರು

ನನ್ನ ಹೆಡ್‌ಫೋನು ಹಳೆಯದಾಗಿ, ಕಿವಿಗೆ ಒತ್ತುವ ಮೆತ್ತೆಯ ಕಪ್ಪು ಹೊದಿಕೆ ಸಿಪ್ಪೆ ಏಳುತ್ತಿದೆ. ಸ್ವಲ್ಪ ಹೊತ್ತು ಹಾಕಿಕೊಂಡು ತೆಗೆದರೆ ಸಾಕು, ಕಿವಿಯ ಸುತ್ತ, ಕೆನ್ನೆಯ ಮೇಲೆ, ಅಂಗಿಯ ಕಾಲರಿನ ಮೇಲೆ ಎಳ್ಳು ಚೆಲ್ಲಿದ ಹಾಗೆ ಕರಿಯ ಚೂರುಗಳು. ನನ್ನ ಹೆಂಡತಿ ಪಾಲಮ್ಮ ಇದ್ದಾಗ, ನಾನು ಊಟಕ್ಕೆ ಮನೆಗೆ ಹೋದ ಕೂಡಲೇ ಸೆರಗಿನ ಅಂಚಿನಿಂದ ಅವನ್ನು ಒರೆಸುತ್ತ, "ಕಣ್ಣಿಗೆ ಹಚ್ಚೋ ಕಾಡಿಗೆನ ಕಿವಿಗೆ ಹಚ್ಕಂಡು ಬಂದಿದೀರಲ್ಲ, ಯಾರ ಮದುವೆ ಐತೆ ಇವತ್ತು?" ಎನ್ನುತ್ತಿದ್ದಳು. ಅವಳು ತೀರಿಕೊಂಡು ಎರಡು ಬೇಸಿಗೆ ಕಳೆದವು. ಈಗ ಆ ಚೂರುಗಳು ನನ್ನೊಂದಿಗೇ ಊಟಕ್ಕೆ ಕೂತು, ನನ್ನೊಂದಿಗೇ ಕೈ ತೊಳೆದು ಏಳುತ್ತವೆ.

ಹಿರಿಯೂರಿನಲ್ಲಿ ಒಂದು ಹಿಟ್ಟಿನ ಗಿರಣಿಯ ಮಹಡಿಯ ಮೇಲೆ ನನ್ನ ರೆಕಾರ್ಡಿಂಗ್ ಕೋಣೆ ಇದೆ. ಕರೆಂಟಿದ್ದರೆ ಗಿರಣಿ ಗಡಗಡಿಸುತ್ತದೆ, ಗಿರಣಿ ಸುಮ್ಮನಾದರೆ ಕರೆಂಟು ಇರುವುದಿಲ್ಲ. ಈ ಎರಡು ಕಷ್ಟಗಳ ನಡುವೆ ಬ್ಯಾಟರಿಯ ದಯೆಯಿಂದ ಭಜನೆಯವರ ಹಾಡು, ಸಂತೆಯ ಪ್ರಚಾರದ ಕೂಗು ಇತ್ಯಾದಿಗಳನ್ನು ಧ್ವನಿಮುದ್ರಿಸಿ ಬದುಕುತ್ತಿದ್ದೇನೆ. ಇತ್ತೀಚೆಗೆ ಬರುವವರ ಬೇಡಿಕೆ ಬೇರೆಯಾಗಿದೆ. ಹಳೆಯ ಹಾಡೊಂದನ್ನು ಮೊಬೈಲಿನಲ್ಲಿ ತಂದು, "ಇದ್ರಾಗಿನ ದನಿ ತೆಗೆದು ಬರೀ ಮ್ಯೂಸಿಕ್ ಉಳಿಸಿಕೊಡ್ರಿ, ನಾನು ಹಾಡ್ತೀನಿ" ಎನ್ನುತ್ತಾರೆ. ಕೆಲವೇ ವರ್ಷಗಳ ಹಿಂದೆ ಇದು ಕುದಿದ ಸಾರಿನಿಂದ ಉಪ್ಪನ್ನು ಮಾತ್ರ ಹೊರತೆಗೆ ಎಂದು ಕೇಳಿದಂತಾಗುತ್ತಿತ್ತು. ಈಗ ಕೃತಕ ಬುದ್ಧಿಮತ್ತೆಯ ಉಪಕರಣಗಳು ಒಂದಾಗಿ ಬೆರೆತ ಹಾಡನ್ನು ದನಿ, ತಾಳ, ಬೇಸು ಎಂಬ ತಗ್ಗಿನ ನಾದ, ಇತರೆ ಎಂದು ಬಿಡಿಸಿ ಮುಂದಿಡುತ್ತವೆ. ಯಾವುದು ಚೆನ್ನಾಗಿ ಬಿಡಿಸುತ್ತದೆಂದು ತಿಳಿಯಲು ನಾನು ಹಲವನ್ನು ತೂಗಿ ನೋಡಿದೆ. ಗಿರಾಕಿಗಳಿಗಾಗಿ ಎಂದು ಹೇಳಿಕೊಂಡೆನಾದರೂ, ಸ್ನೇಹಿತರಾದ ನಿಮ್ಮಲ್ಲಿ ಮುಚ್ಚುಮರೆಯೇಕೆ? ನನಗೆ ಪಾಲಮ್ಮನ ದನಿ ಬೇಕಿತ್ತು. ಅವಳೊಬ್ಬಳದೇ ದನಿ, ಒಮ್ಮೆಯಾದರೂ.

ಅವಳ ದನಿ ಉಳಿದಿರುವುದು ಒಂದೇ ಧ್ವನಿಮುದ್ರಿಕೆಯಲ್ಲಿ. ಐಮಂಗಲದ ನೆಂಟರ ಮದುವೆಯಲ್ಲಿ ಅರಿಶಿನ ಕುಟ್ಟುವ ಶಾಸ್ತ್ರ ನಡೆದಾಗ, ಹೆಂಗಸರು ಒರಳಿನ ಸುತ್ತ ನಿಂತು ಹಾಡಿದ್ದನ್ನು ಕಿಟಕಿಯ ಮೇಲೆ ರೆಕಾರ್ಡರ್ ಇಟ್ಟು ಹಿಡಿದಿದ್ದೆ. ಮುಂದೆ ಹಾಡುವವಳು ಪಾಲಮ್ಮ, ಹಿಂದೆ ಹಿಡಿಯುವವರು ಅವಳ ಅಕ್ಕ ತಿಪ್ಪಮ್ಮ ಮತ್ತು ಓರಗೆಯವರು. ನನ್ನ ರೆಕಾರ್ಡಿಂಗ್ ಕೋಣೆಗೆ ಬಂದು ಒಬ್ಬಳೇ ಹಾಡು ಎಂದು ಎಷ್ಟೋ ಸಲ ಕರೆದಿದ್ದೆ. "ಒಬ್ಳೇ ಹಾಡಾಕೆ ನನಗೇನು ಹುಚ್ಚಾ? ಹಿಂದೆ ಹಿಡಿಯೋರು ಯಾರು?" ಎಂದು ನಕ್ಕು, ಒಲೆಯ ಕಡೆ ತಿರುಗಿಬಿಡುತ್ತಿದ್ದಳು. ಅದು ನಾಚಿಕೆಯ ಮಾತೆಂದೇ ನಾನು ತಿಳಿದಿದ್ದೆ.

ಮೊದಲು ಪರೀಕ್ಷಿಸಿದ್ದು ಇಂಟರ್ನೆಟ್ಟಿನಲ್ಲೇ ಕೆಲಸ ಮುಗಿಸಿಕೊಡುವ ಒಂದನ್ನು. ಬಲು ಚುರುಕು, ಆದರೆ ಬಲು ಧೈರ್ಯ. ಒರಳಿನ ಹಾಡಿನಲ್ಲಿ ಬೇಸ್ ಗಿಟಾರು ಎಲ್ಲಿಂದ ಬರಬೇಕು? ಆದರೂ ಅದು ಒಂದು ಬೇಸನ್ನು ಕೊಟ್ಟಿತು. ಕಿವಿಗೊಟ್ಟರೆ ಹೆದ್ದಾರಿಯ ಲಾರಿಗಳು. ತಾಳದ ಪಾಲಿಗೆ ಒನಕೆಯ ಪೆಟ್ಟೂ ಬಳೆಗಳ ಸದ್ದೂ ಬಂದಿದ್ದವು. ದನಿಯ ಪಾಲಿನಲ್ಲಿ ಎಲ್ಲ ಹೆಂಗಸರೂ ಒಟ್ಟಿಗೇ ಇದ್ದರು, ಅದೂ ಬಾವಿಯೊಳಗಿಂದ ಹಾಡಿದಂತೆ. ಎರಡನೆಯದನ್ನು ನನ್ನ ಕಂಪ್ಯೂಟರಿಗೇ ಇಳಿಸಿಕೊಂಡೆ. ಅದು ಕೆಲಸಕ್ಕೆ ಕೂತರೆ ಯಂತ್ರ ಕಾದು, ಒಳಗಿನ ಫ್ಯಾನು ಗಿರಣಿಗೇ ಪೈಪೋಟಿ ಕೊಡುತ್ತಿತ್ತು. ದನಿ ತಿಳಿಯಾಯಿತು, ಸಾಲುಗಳ ನಡುವಿನ ಉಸಿರು ಮಾತ್ರ ಹಾರಿಹೋಯಿತು. ಉಸಿರಾಡದ ಹೆಂಡತಿಯನ್ನು ನಾನು ಒಮ್ಮೆ ನೋಡಿದ್ದಾಗಿದೆ. ಆ ಉಪಕರಣವನ್ನು ಆವತ್ತೇ ಮುಚ್ಚಿಟ್ಟೆ.

ಆದರೂ ಅದರ 'ಇತರೆ' ಎಂಬ ಪಾಲನ್ನು ಅಳಿಸಲಾಗಲಿಲ್ಲ. ಹಾಡಿನ ಮಧ್ಯೆ ಯಾರೋ ತಮಾಷೆ ಮಾಡಿದಾಗ ಪಾಲಮ್ಮ ಕಿಸಕ್ಕೆಂದದ್ದು, ಗಂಟಲು ಸರಿಮಾಡಿಕೊಂಡದ್ದು, "ಲೇ, ಮೆಲ್ಲಕ್ಕೆ ಕುಟ್ರೇ" ಎಂದು ಗದರಿದ್ದು, ಎಲ್ಲವೂ ಹಾಡಿನ ಲೆಕ್ಕಕ್ಕೆ ಬಾರದೆ ಅಲ್ಲಿ ಬಂದು ಬಿದ್ದಿದ್ದವು. ಮೂವತ್ತು ವರ್ಷದ ಸಂಸಾರವನ್ನು ಹೀಗೆ ಬಿಡಿಸುತ್ತ ಹೋದರೆ, ಬಹುಪಾಲು ಈ 'ಇತರೆ'ಯೊಳಗೇ ಸಿಕ್ಕೀತೇನೋ. ಸತ್ತವರನ್ನು ನೆನೆಯುವಾಗ ನಮ್ಮ ಮನಸ್ಸೂ ಇಂಥದೇ ಒಂದು ಉಪಕರಣವಾಗಿ, ಅವರ ಮುನಿಸು, ಗೊಣಗಾಟಗಳನ್ನೆಲ್ಲ ಸೋಸಿ, ಗೋಡೆಗೆ ತೂಗುಹಾಕುವಷ್ಟು ಶುದ್ಧವಾದುದನ್ನು ಮಾತ್ರ ಕೈಗಿಡುತ್ತದೆ. ನನಗೆ ಆ ಶುದ್ಧಿ ಬೇಡ. ಮನೆಯಲ್ಲಿ ಗೊಣಗುವವರಿಲ್ಲದ ಮೌನ ಎಷ್ಟು ಭಾರವೆಂದು ಅದರ ಕೆಳಗೆ ಕೂತವರಿಗೇ ಗೊತ್ತು.

ಮೂರನೆಯದು ಜಾಣ. ಮುಂದೆ ಹಾಡುವ ದನಿಯನ್ನೂ ಹಿಂದಿನ ದನಿಗಳನ್ನೂ ಬೇರೆ ಬೇರೆ ಮಾಡುತ್ತದೆ, ಉಸಿರನ್ನೂ ಉಳಿಸುತ್ತದೆ. ಒಂದು ಮಧ್ಯಾಹ್ನ ಹೆಡ್‌ಫೋನಿನೊಳಗೆ ಪಾಲಮ್ಮ ಒಬ್ಬಳೇ ಬಂದಳು. ಆದರೆ ಪ್ರತಿ ಸಾಲೂ ತುದಿಗೆ ಬರುವಷ್ಟರಲ್ಲಿ ಕಡಿದುಹೋಗುತ್ತಿತ್ತು. "ಬೆಳಕಿನಂಥ ಮಗಳೇ ನೀ ಒಳಗೆ" ಎನ್ನುವಳು, ಆಮೇಲೆ ಖಾಲಿ. ಉಪಕರಣವೇ ಸಾಲಿನ ತುದಿಯನ್ನು ನುಂಗುತ್ತಿದೆಯೆಂದು ಬಗೆದು, ಎಲ್ಲ ಗುಂಡಿಗಳನ್ನೂ ತಿರುಗಿಸಿ, ಮತ್ತೆ ಮತ್ತೆ ಬಿಡಿಸಿದೆ. ವಾರವಿಡೀ ಹೆಣಗಿದರೂ ಆ ಖಾಲಿ ಜಾಗ ತುಂಬಲಿಲ್ಲ.

ಅಷ್ಟರಲ್ಲಿ ಧರ್ಮಪುರದಿಂದ ತಿಪ್ಪಮ್ಮಕ್ಕ ಕಣ್ಣು ತೋರಿಸಲು ಹಿರಿಯೂರಿಗೆ ಬಂದವಳು, ಮೆಟ್ಟಿಲು ಹತ್ತಿ ನನ್ನ ಕೋಣೆಗೂ ಬಂದಳು. ಕುರ್ಚಿ ಒಲ್ಲದೆ ಚಾಪೆಯ ಮೇಲೆ ಕೂತಳು. ನಾನು ಸ್ಪೀಕರಿನಲ್ಲಿ ತಂಗಿಯ ದನಿ ಹಾಕಿದೆ. ಆಕೆಯ ಮುಖ ಸಣ್ಣದಾಯಿತು, ಆದರೆ ಅಳಲಿಲ್ಲ. ಪಾಲಮ್ಮ "ಒಳಗೆ" ಎಂದು ನಿಲ್ಲುತ್ತಲೇ, ಯಾರೋ ಹೇಳಿಕೊಟ್ಟಂತೆ ಆಕೆ "ಬಾರವ್ವ" ಎಂದು ತುದಿ ಹಿಡಿದಳು. ಅದು ಮುಗಿಯುವ ಮೊದಲೇ ಸ್ಪೀಕರಿನಿಂದ ಮುಂದಿನ ಸಾಲು ಎದ್ದಿತು. ಹಾಡು ಮುಗಿಯುವವರೆಗೂ ಅಕ್ಕತಂಗಿಯರು ಹಾಗೇ ಹಾಡಿದರು.

"ನಮ್ಮನ್ನ ಎತ್ತಿ ಎಲ್ಲಿ ಇಟ್ಟೀಯಪ್ಪ?" ಎಂದಳು ಆಮೇಲೆ.

"ಬೇರೆ ಕಡೆ ಇದೀರಕ್ಕ, ಅಳಿಸಿಲ್ಲ."

"ಅವಳನ್ನ ಒಬ್ಳನ್ನೇ ನಿಲ್ಲಿಸ್ಬಿಟ್ಟೀಯಲ್ಲ. ಪಾಪ, ತುದಿ ಬಿಟ್ಟುಕೊಟ್ಟು ಉಸಿರು ತಗಳಾಕೆ ನಿಂತವಳೆ, ಹಿಡಿಯೋರೇ ಇಲ್ಲ."

ಹಿಂದಿನವರು ತುದಿ ಹಿಡಿಯುವುದು ನನಗೆ ಗೊತ್ತಿಲ್ಲದ ಪದ್ಧತಿಯಲ್ಲ. ಗುಂಪಿನಲ್ಲಿ ಅದನ್ನು ಎಷ್ಟೋ ಸಲ ಮುದ್ರಿಸಿಕೊಂಡಿದ್ದೇನೆ. ಆ ತುದಿ ಹಾಡುವವಳ ಬಾಯಲ್ಲಿ ಇರುವುದೇ ಇಲ್ಲ, ಅದನ್ನು ಅವಳು ಬೇರೆಯವರಿಗೆಂದೇ ಬಿಟ್ಟಿರುತ್ತಾಳೆ ಎಂಬುದು ಮಾತ್ರ ಹೊಳೆದಿರಲಿಲ್ಲ. ಎಂಥ ಜಾಣ ಉಪಕರಣವಾದರೂ ಇಲ್ಲದ್ದನ್ನು ಎಲ್ಲಿಂದ ತೆಗೆದುಕೊಟ್ಟೀತು? ನನ್ನ ಹುಡುಕಾಟ ಅಲ್ಲಿಗೆ ಮುಗಿಯಿತು. ಒಬ್ಬಳೇ ಹಾಡಿದ ಪಾಲಮ್ಮ ಎಂಬವಳು ಎಲ್ಲಿಯೂ ಇರಲಿಲ್ಲ.

ತಿಪ್ಪಮ್ಮಕ್ಕನನ್ನು ಬಸ್ಸು ಹತ್ತಿಸಿ ಬಂದೆ. ಕೆಳಗೆ ಗಿರಣಿ ನಿಂತಿತ್ತು, ಬ್ಯಾಟರಿಯಲ್ಲಿ ಇನ್ನೂ ಸ್ವಲ್ಪ ಜೀವವಿತ್ತು. ಅಭ್ಯಾಸಬಲದಿಂದ ಹೆಡ್‌ಫೋನ್ ಏರಿಸಿಕೊಂಡವನು ತೆಗೆದು ಪಕ್ಕಕ್ಕಿಟ್ಟೆ. ಕರಿಯ ಚೂರುಗಳು ಕಿವಿಗೆ ಹತ್ತಿದ್ದವು. ಕನ್ನಡಿಯ ಮುಂದೆ ನಿಂತು, ಅಂಗಿಯ ಅಂಚಿನಿಂದ ಒಂದೂ ಉಳಿಯದಂತೆ, ಮದುವೆಗೆ ಹೊರಟವನ ಹಾಗೆ ಒರೆಸಿಕೊಂಡೆ. ನನ್ನದು ಹಾಡುವ ಕೊರಳಲ್ಲ. ಬೇರೆಯವರ ಅಪಸ್ವರ ತಿದ್ದುತ್ತ ಬಂದವನಿಗೆ ತನ್ನದರ ಅಂದಾಜು ಚೆನ್ನಾಗಿಯೇ ಇರುತ್ತದೆ. ಆದರೂ ಸ್ಪೀಕರಿನ ಮುಂದೆ ಚಾಪೆಯ ಮೇಲೆ ಕೂತು ಪಾಲಮ್ಮ ಒಬ್ಬಳದೇ ದನಿಯನ್ನು ಹಾಕಿದೆ.

"ಬೆಳಕಿನಂಥ ಮಗಳೇ ನೀ ಒಳಗೆ" ಎಂದು ಪಾಲಮ್ಮ ನಿಂತಳು.

"ಬಾರವ್ವ" ಎಂದೆ.

ಅವಳು ಮುಂದಿನ ಸಾಲಿಗೆ ಹೋದಳು.